ಹೆಸರು ತಪ್ಪಿದ ಕವೆ ಎಲುಬು

ಕತ್ತಿನ ಬುಡದಲ್ಲಿ, ಎದೆಯ ಮೇಲಂಚಿನಲ್ಲಿ ಒಂದು ಚಿಕ್ಕ ಗುಳಿ ಇದೆಯಲ್ಲ, ಅಲ್ಲಿ ಬೆರಳಿಡಿ. ಅಲ್ಲಿಂದ ಭುಜದ ಕಡೆಗೆ ಮೆಲ್ಲನೆ ಸರಿಸುತ್ತ ಹೋದರೆ ಚರ್ಮದ ಕೆಳಗೇ ಉದ್ದನೆಯ ಎಲುಬೊಂದು ಸಿಗುತ್ತದೆ. ಇನ್ನೊಂದು ಬದಿಗೂ ಅಂಥದೇ ಒಂದು. ಇವು ನಿಮ್ಮ ಕೊರಳೆಲುಬುಗಳು. ವೈದ್ಯರು ಕ್ಲಾವಿಕಲ್ ಎನ್ನುತ್ತಾರೆ. ಲ್ಯಾಟಿನ್ ಮೂಲದ ಈ ಪದಕ್ಕೆ ಚಿಕ್ಕ ಕೀಲಿಕೈ ಎಂದರ್ಥ. ಮನುಷ್ಯರಲ್ಲಿ ಇವೆರಡೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ಹೆಚ್ಚಿನ ಹಕ್ಕಿಗಳಲ್ಲಿ ಹಾಗಲ್ಲ. ಅಲ್ಲಿ ಎರಡು ಕೊರಳೆಲುಬುಗಳೂ ಕೆಳತುದಿಯಲ್ಲಿ ಬೆಸೆದುಕೊಂಡು ಒಂದೇ ಎಲುಬಾಗಿವೆ. ಕೋಳಿ ಬೇಯಿಸುವ ಮನೆಯವರಾದರೆ ನೀವು ಅದನ್ನು ತಟ್ಟೆಯಲ್ಲಿ ನೋಡಿಯೇ ಇರುತ್ತೀರಿ. ಇಂಗ್ಲಿಷರ ಊಟದ ಮೇಜಿನಲ್ಲಿ ಇಬ್ಬರು ಇದರ ಎರಡು ತುದಿ ಹಿಡಿದು ಎಳೆಯುವ ಆಟವುಂಟು. ಮುರಿದಾಗ ದೊಡ್ಡ ತುಂಡು ಯಾರ ಕೈಗೆ ಬರುತ್ತದೋ ಅವರ ಬಯಕೆ ಈಡೇರುತ್ತದಂತೆ. ಅದಕ್ಕೇ ಆಡುಮಾತಿನಲ್ಲಿ ಅದು ವಿಶ್‌ಬೋನ್. ಅಂಗರಚನಾ ಶಾಸ್ತ್ರದಲ್ಲಿ ಇದರ ಹೆಸರು ಫರ್ಕ್ಯುಲಾ. ಲ್ಯಾಟಿನ್ನಿನಲ್ಲಿ ಫರ್ಕಾ ಎಂದರೆ ಹುಲ್ಲು ಎತ್ತುವ ಕವೆಗೋಲು. ಫರ್ಕ್ಯುಲಾ ಎಂದರೆ ಪುಟ್ಟ ಕವೆ. ನಾವು ಕವೆ ಎಲುಬು ಎನ್ನೋಣ.

ಪದದ ಅರ್ಥ ಇಷ್ಟೇ. ಆದರೆ ಈ ಪದವನ್ನು ಯಾವ ಎಲುಬಿನ ಪಕ್ಕದಲ್ಲಿ ಬರೆಯಬೇಕಿತ್ತೋ ಅಲ್ಲಿ ಬರೆಯದೆ ಹೋದದ್ದರಿಂದ, ಹಕ್ಕಿಗಳ ಪೂರ್ವಜರು ಯಾರು ಎಂಬ ಪ್ರಶ್ನೆ ಸುಮಾರು ಅರ್ಧ ಶತಮಾನ ಅಡ್ಡದಾರಿಯಲ್ಲಿ ನಡೆಯಿತು.

1861ರಲ್ಲಿ ಜರ್ಮನಿಯ ಬವೇರಿಯಾದ ಸುಣ್ಣಕಲ್ಲಿನ ಗಣಿಯಲ್ಲಿ ಆರ್ಕಿಯಾಪ್ಟೆರಿಕ್ಸ್ ಎಂಬ ಜೀವಿಯ ಅಸ್ಥಿಪಂಜರ ದೊರೆಯಿತು. ವಯಸ್ಸು ಸುಮಾರು 15 ಕೋಟಿ ವರ್ಷ. ಅದಕ್ಕೆ ಹಲ್ಲಿಯಂತೆ ಎಲುಬಿನ ಉದ್ದ ಬಾಲವೂ ಇತ್ತು, ಹಕ್ಕಿಯಂತೆ ಗರಿಗಳೂ ಇದ್ದವು. ಜೊತೆಗೆ ಕವೆ ಎಲುಬೂ ಇತ್ತು. ಅದೇ ಪ್ರಾಂತದ ಕಲ್ಲಿನಲ್ಲಿ ಕೋಳಿ ಗಾತ್ರದ ಕಾಂಪ್ಸೊಗ್ನಾಥಸ್ ಎಂಬ ಡೈನೋಸಾರ್ ಕೂಡ ಸಿಕ್ಕಿತ್ತು. ಡಾರ್ವಿನ್ನನ ಗೆಳೆಯ ಥಾಮಸ್ ಹೆನ್ರಿ ಹಕ್ಸ್‌ಲಿ 1868ರಲ್ಲಿ ಇವುಗಳನ್ನು ಆಧಾರವಾಗಿಟ್ಟುಕೊಂಡು, ಹಕ್ಕಿಗಳಿಗೂ ಡೈನೋಸಾರ್‌ಗಳಿಗೂ ಹತ್ತಿರದ ನಂಟಿದೆ ಎಂದು ವಾದಿಸಿದ. ಹಿಂಗಾಲು, ಸೊಂಟ, ಪಾದ, ಎಲ್ಲಿ ನೋಡಿದರೂ ಹೋಲಿಕೆ.

ಇಲ್ಲಿಗೆ ಮಾತು ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಡೆನ್ಮಾರ್ಕಿನಲ್ಲಿ ಗೆರ್ಹಾರ್ಡ್ ಹೈಲ್ಮನ್ ಎಂಬ ಚಿತ್ರಕಾರನಿದ್ದ. ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ಚಿತ್ರಕಲೆಗೆ ಹೋದವನು; ವೃತ್ತಿಯಿಂದ ವಿಜ್ಞಾನಿಯಲ್ಲ. ಆದರೂ ಎಲುಬೆಲುಬನ್ನೂ ಹೋಲಿಸಿ, ತಾನೇ ಚಿತ್ರ ಬಿಡಿಸಿ, ಹಕ್ಕಿಗಳ ಮೂಲದ ಬಗ್ಗೆ ಅವನು ಬರೆದ ಗ್ರಂಥ 1926ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅದರ ಮುಂದೆ ಆ ಕಾಲದ ಪಂಡಿತರೇ ತಲೆದೂಗಿದರು. ಸಣ್ಣ ಮಾಂಸಾಹಾರಿ ಡೈನೋಸಾರ್‌ಗಳು ಹಕ್ಕಿಗಳನ್ನು ಅಚ್ಚರಿಯಾಗುವಷ್ಟು ಹೋಲುತ್ತವೆಂದು ಹೈಲ್ಮನ್ ಒಪ್ಪಿದ. ಒಂದೇ ಒಂದು ಕೊರತೆ: ಅವುಗಳಿಗೆ ಕೊರಳೆಲುಬುಗಳಿಲ್ಲ.

ಇದೇಕೆ ಅಷ್ಟು ದೊಡ್ಡ ಕೊರತೆ? ಬೆಲ್ಜಿಯಮ್ಮಿನ ಲೂಯಿ ಡೊಲೊ ಎಂಬ ವಿಜ್ಞಾನಿ, ವಿಕಾಸದ ಹಾದಿಯಲ್ಲಿ ಒಮ್ಮೆ ಕಳೆದುಹೋದ ಅಂಗ ಮತ್ತೆ ಅದೇ ರೂಪದಲ್ಲಿ ಹಿಂದಿರುಗದು ಎಂಬ ನಿಯಮವನ್ನು ಮುಂದಿಟ್ಟಿದ್ದ. ಉರಗಗಳ ಪುರಾತನ ವಂಶಗಳಲ್ಲಿ ಕೊರಳೆಲುಬು ಇತ್ತು. ಡೈನೋಸಾರ್‌ಗಳು ಅದನ್ನು ಕಳೆದುಕೊಂಡಿದ್ದರೆ ಅವುಗಳ ಸಂತತಿಯಾದ ಹಕ್ಕಿಗಳಿಗೆ ಅದು ಮರಳಿ ಬರುವುದು ಹೇಗೆ? ಆದ್ದರಿಂದ ಹಕ್ಕಿಗಳ ಮೂಲ ಇನ್ನೂ ಹಳೆಯ, ಕೊರಳೆಲುಬುಳ್ಳ ಉರಗಗಳಲ್ಲಿದೆ. ಡೈನೋಸಾರ್‌ಗಳ ಜೊತೆಗಿನ ಹೋಲಿಕೆ ಒಂದೇ ಬಗೆಯ ಬಾಳುವೆಯಿಂದ ಬಂದದ್ದು. ಹೈಲ್ಮನ್ನನ ತೀರ್ಮಾನ ಇದು. ತರ್ಕದಲ್ಲಿ ನೀವು ಹುಳುಕು ಹುಡುಕಲಾರಿರಿ. ಆದರೆ 'ಸಿಕ್ಕಿಲ್ಲ' ಎಂಬುದನ್ನು ಅವನು 'ಇಲ್ಲ' ಎಂದು ಓದಿಕೊಂಡಿದ್ದ.

ಆ ಹೊತ್ತಿಗೆ ಎಲುಬು ಸಿಕ್ಕಿಯೂ ಆಗಿತ್ತು! ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಭಾಗ. 1923ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದ ತಂಡ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಒಂದು ಡೈನೋಸಾರ್ ಅಸ್ಥಿಪಂಜರವನ್ನು ಪತ್ತೆಮಾಡಿತು. ಅದು ಮೊಟ್ಟೆಗಳ ಗುಂಪಿನ ಮೇಲೆಯೇ ಬಿದ್ದಿತ್ತು. ಮರುವರ್ಷ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ಅದಕ್ಕೆ ಒವಿರಾಪ್ಟರ್, ಅಂದರೆ ಮೊಟ್ಟೆಗಳ್ಳ, ಎಂದು ನಾಮಕರಣ ಮಾಡಿ ಪ್ರಬಂಧ ಪ್ರಕಟಿಸಿದರು. ಅದರ ಚಿತ್ರದಲ್ಲಿ ಎದೆಯ ಬಳಿ ಕವೆ ಎಲುಬು ಇದೆ. ಪಕ್ಕದಲ್ಲಿ ಕೊಟ್ಟಿರುವ ಹೆಸರು ಮಾತ್ರ ಇಂಟರ್‌ಕ್ಲಾವಿಕಲ್. ಅದು ಹಲ್ಲಿ, ಮೊಸಳೆಗಳ ಎದೆಯ ನಡುವೆ ಇರುವ ಬೇರೆಯೇ ಎಲುಬು. ಮೊಸಳೆಗೆ ಕೊರಳೆಲುಬುಗಳೇ ಇಲ್ಲದಿದ್ದರೂ ಇಂಟರ್‌ಕ್ಲಾವಿಕಲ್ ಇರುತ್ತದೆ. ಹಾಗಾಗಿ ಆ ಹೆಸರನ್ನು ಓದಿದವರಿಗೆ ಅಲ್ಲಿ ಕೊರಳೆಲುಬಿನ ಸುಳಿವೇ ಸಿಗುವಂತಿರಲಿಲ್ಲ.

ಚಿತ್ರದ ಕೆಳಗಿನ ಅಕ್ಷರಕ್ಕೆ ಎಷ್ಟು ಬಲವಿದೆ ಎಂಬುದು ನಮ್ಮಂಥ ದೂರದರ್ಶನದ ಮಂದಿಗೆ ಚೆನ್ನಾಗಿ ಗೊತ್ತು. ಪರದೆಯ ಮೇಲೆ ಹೆಸರು ಮೂಡಿತೆಂದರೆ ವೀಕ್ಷಕರು ಮುಖವನ್ನು ಮತ್ತೆ ಪರೀಕ್ಷಿಸುವುದಿಲ್ಲ.

1936ರಲ್ಲಿ ಅರಿಜೋನಾದ ಸೆಗಿಸಾರಸ್ ಎಂಬ ಡೈನೋಸಾರ್‌ಗೆ ಕೊರಳೆಲುಬು ಇದೆಯೆಂದು ಚಾರ್ಲ್ಸ್ ಕ್ಯಾಂಪ್ ಬರೆದರು. ಅದೂ ಹೈಲ್ಮನ್ನನ ತೀರ್ಮಾನವನ್ನು ಅಲುಗಿಸಲಿಲ್ಲ. ಮುಂದೆ ಯೇಲ್ ವಿಶ್ವವಿದ್ಯಾಲಯದ ಜಾನ್ ಆಸ್ಟ್ರಮ್ 1969ರಲ್ಲಿ ಡೈನೋನಿಕಸ್ ಎಂಬ ಚುರುಕಾದ ಬೇಟೆಗಾರ ಡೈನೋಸಾರ್ ಅನ್ನು ವಿವರಿಸಿದರು. ಅದರ ಮಣಿಕಟ್ಟನ್ನೂ ಕೈಯನ್ನೂ ಆರ್ಕಿಯಾಪ್ಟೆರಿಕ್ಸ್ ಜೊತೆ ಹೋಲಿಸಿ, 1970ರ ದಶಕದಲ್ಲಿ ಹಕ್ಸ್‌ಲಿಯ ವಾದಕ್ಕೆ ಮರುಜೀವ ಕೊಟ್ಟರು. (ಇದೇ ಆಸ್ಟ್ರಮ್ 1970ರಲ್ಲಿ ನೆದರ್ಲೆಂಡ್ಸಿನ ಹಾರ್ಲೆಮ್ ಸಂಗ್ರಹಾಲಯದಲ್ಲಿ ಹಾರುವ ಉರಗವೆಂದು ಚೀಟಿ ಅಂಟಿಸಿದ್ದ ಕಲ್ಲೊಂದನ್ನು ಬೆಳಕಿಗೆ ಹಿಡಿದು ನೋಡಿ, ಅದು ಆರ್ಕಿಯಾಪ್ಟೆರಿಕ್ಸ್ ಎಂದು ಗುರುತಿಸಿದ್ದರು. 2017ರಲ್ಲಿ ಅದರ ಚೀಟಿ ಮತ್ತೊಮ್ಮೆ ಬದಲಾಯಿತು: ಅದು ಆರ್ಕಿಯಾಪ್ಟೆರಿಕ್ಸ್ ಕೂಡ ಅಲ್ಲವೆಂದು ತೋರಿಸಿದ ವಿಜ್ಞಾನಿಗಳು ಆಸ್ಟ್ರಮ್‌ರ ಹೆಸರನ್ನೇ ಇಟ್ಟು ಆಸ್ಟ್ರೋಮಿಯಾ ಎಂದು ಕರೆದರು.)

ಗೋಬಿಯ ಎಲುಬಿಗೆ ಅದರ ನಿಜವಾದ ಹೆಸರು ಕೊಟ್ಟವರು ಮಂಗೋಲಿಯಾದ ರಿಂಚೆನ್ ಬಾರ್ಸ್‌ಬೋಲ್ಡ್. ಒವಿರಾಪ್ಟರ್ ಬಳಗದ ಹೊಸ ಅಸ್ಥಿಪಂಜರಗಳನ್ನು ಅಭ್ಯಸಿಸಿದ ಅವರು, ಇದು ಕವೆ ಎಲುಬೇ ಎಂದು 1983ರಲ್ಲಿ ಬರೆದರು. ಆಮೇಲೆ ಒಡ್ಡು ಒಡೆದಂತಾಯಿತು. 1996ರಲ್ಲಿ ಅಲೋಸಾರಸ್ ಎಂಬ ದೊಡ್ಡ ಬೇಟೆಗಾರನಲ್ಲಿ ಕವೆ ಎಲುಬನ್ನು ಗುರುತಿಸಿದರು. ಅದುವರೆಗೆ ಅದನ್ನು ಹೊಟ್ಟೆಯ ಕಡೆಯ ಪಕ್ಕೆಲುಬಿನ ಚೂರೆಂದು ಭಾವಿಸಲಾಗಿತ್ತು. 1997ರಲ್ಲಿ ವೆಲಾಸಿರಾಪ್ಟರ್‌ನ ಸರದಿ. ಬಳಿಕ ಟೈರನೋಸಾರಸ್, ಕೊನೆಗೆ 20 ಕೋಟಿ ವರ್ಷಕ್ಕೂ ಹಿಂದಿನ ಸೀಲೊಫೈಸಿಸ್. ಇಷ್ಟು ಕಾಲ ಕಣ್ಣಿಗೆ ಬೀಳದಿದ್ದುದಕ್ಕೆ ಕಾರಣವೂ ಇದೆ. ಎಲುಬು ತೆಳ್ಳಗೆ, ಉಳಿದ ಎಲುಬುಗಳಿಗೆ ಗಟ್ಟಿಯಾಗಿ ಬೆಸೆದಿರುವುದಿಲ್ಲ. ಪ್ರಾಣಿ ಸತ್ತು ಕೊಳೆತಾಗ ಸುಲಭವಾಗಿ ಕಳಚಿಹೋಗುತ್ತದೆ.

ಮೊಟ್ಟೆಗಳ್ಳನ ಕಥೆಯೂ ತಿರುಗಿಬಿತ್ತು. 1993ರಲ್ಲಿ ಅಂಥದೇ ಮೊಟ್ಟೆಯೊಳಗೆ ಒವಿರಾಪ್ಟರ್ ಬಳಗದ ಮರಿಯ ಎಲುಬುಗಳು ಸಿಕ್ಕವು. ಗೋಬಿಯಲ್ಲಿ ಸತ್ತು ಬಿದ್ದಿದ್ದ ಪ್ರಾಣಿ ಕದಿಯುತ್ತಿರಲಿಲ್ಲ. ಬಹುಶಃ ತನ್ನ ಗೂಡನ್ನೇ ಕಾಯುತ್ತಿತ್ತು. ಆದರೂ ಮೊದಲು ಇಟ್ಟ ಹೆಸರನ್ನು ಬದಲಿಸಲು ಪ್ರಾಣಿನಾಮಕರಣದ ನಿಯಮ ಒಪ್ಪುವುದಿಲ್ಲ. ಕಳ್ಳ ಎಂಬ ಅಪವಾದ ಹಾಗೆಯೇ ನಿಂತಿದೆ, ಪಾಪ.

ಇನ್ನು ಈ ಎಲುಬಿನ ಕೆಲಸವೇನು? 1988ರಲ್ಲಿ ಅಮೆರಿಕದ ವಿಜ್ಞಾನಿಗಳು ಮೈನಾ ಕುಟುಂಬದ ಸ್ಟಾರ್ಲಿಂಗ್ ಹಕ್ಕಿಯನ್ನು ಗಾಳಿಸುರಂಗದಲ್ಲಿ ಹಾರಲು ಬಿಟ್ಟು, ಎಕ್ಸ್-ರೇ ಮೂಲಕ ಅತಿವೇಗದ ಚಲನಚಿತ್ರ ತೆಗೆದರು. ರೆಕ್ಕೆ ಕೆಳಗೆ ಬಡಿದಾಗ ಕವೆಯ ಎರಡು ತುದಿಗಳು ಸುಮಾರು 12 ಮಿಲಿಮೀಟರಿನಿಂದ 18 ಮಿಲಿಮೀಟರಿನಷ್ಟು ದೂರ ಅಗಲುತ್ತವೆ. ರೆಕ್ಕೆ ಮೇಲೇಳುವಾಗ ಸ್ಪ್ರಿಂಗ್‌ನಂತೆ ಮತ್ತೆ ಹತ್ತಿರ ಬರುತ್ತವೆ. ಹಾಗಾದರೆ ಇದು ಹಾರಾಟಕ್ಕಾಗಿಯೇ ಹುಟ್ಟಿದ ಎಲುಬು ಎಂದು ನೀವು ಹೇಳಬಹುದು. ಆದರೆ ಎಂದೂ ಹಾರದ ಟೈರನೋಸಾರಸ್‌ಗೂ ಅದು ಇತ್ತಲ್ಲ. ಇತ್ತ, ಸಲೀಸಾಗಿ ಹಾರುವ ಕೆಲವು ಗಿಳಿ ಜಾತಿಗಳನ್ನು ಪರೀಕ್ಷಿಸಿದರೆ, ಅವುಗಳ ಕೊರಳೆಲುಬುಗಳು ನಮ್ಮವುಗಳಂತೆಯೇ ಒಂದಕ್ಕೊಂದು ಕೂಡದೆ ಬೇರೆ ಬೇರೆ ಉಳಿದಿರುತ್ತವೆ.