ಮರಕ್ಕೆ ಯಾವ ಕಳೆ?

ಯಲಹಂಕದ ಆಚೆ ಜಾರಕಬಂಡೆ ಕಾವಲಿದೆ. ಕಾವಲು ಅಂದರೆ ದನ ಮೇಯಲು ಬಿಟ್ಟ ನೆಲ. ಇವತ್ತು ಒಳಗೆ ಹೋದರೆ ಸಾಲುಸಾಲು ನೀಲಗಿರಿ. ದನ ಅದರ ಎಲೆ ಮುಟ್ಟುವುದಿಲ್ಲ. ಇದನ್ನು ಕಾಡು ಎಂದು ಕರೆದವರು ಯಾರು, ಯಾರಿಗಾಗಿ?

ಆಸ್ಟ್ರೇಲಿಯಾದ ಈ ಮರವನ್ನು 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದನೆನ್ನುತ್ತಾರೆ. ಆ ಮರಗಳ ಸಂತತಿಯೇ 'ಮೈಸೂರು ಗಮ್' ಎಂಬ ಹೆಸರಲ್ಲಿ ದೇಶದ ಬಯಲುಸೀಮೆಗೆಲ್ಲ ಹಬ್ಬಿತು. ತೋಟದ ಕುತೂಹಲವಾಗಿ ಬಂದ ಗಿಡ ರಾಗಿ ಹೊಲಕ್ಕೆ ನುಗ್ಗಿದ್ದು ಮಾತ್ರ ನಮ್ಮ ಕಾಲದ ರಾಜಕಾರಣ.

1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ನೀಲಗಿರಿ ನೆಟ್ಟ ಹೊಲದಲ್ಲಿ ಉಳುವವನೇ ಇರುವುದಿಲ್ಲ! ಪಟ್ಟಣದಲ್ಲಿ ಕೂತ ಒಡೆಯನಿಗೆ ಇದಕ್ಕಿಂತ ಹಿತವಾದ ಬೆಳೆ ಯಾವುದು? ಏಳೆಂಟು ವರ್ಷಕ್ಕೊಮ್ಮೆ ಕಡಿದರಾಯಿತು. ಬೊಡ್ಡೆ ತಾನೇ ಚಿಗುರುತ್ತದೆ. 1983ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ 'ಸಾಮಾಜಿಕ ಅರಣ್ಯ' ನಡೆಯಿತು. ಬಡವರ ಸೌದೆ, ದನದ ಮೇವು ಎಂದು ಹೇಳಿ ಶುರುವಾದ ಯೋಜನೆಯ ಸಸಿಗಳು ಉಳ್ಳವರ ಹೊಲ ಸೇರಿದವು. ಮರ ರೇಯಾನ್ ತಿರುಳಿಗೆ, ಕಟ್ಟಡದ ಗಳಕ್ಕೆ ಹೋಯಿತು.

ನಮ್ಮಜ್ಜಿ ಜಮೀನಿಲ್ಲದ ಕೂಲಿ. ರಾಗಿ ಕಾಲದಲ್ಲಿ ಕಳೆ, ಕುಯ್ಲು, ಕಣ ಅಂತ ತಿಂಗಳುಗಟ್ಟಲೆ ಕೆಲಸ. ಕೂಲಿಗೆ ಮೊರದ ತುಂಬ ರಾಗಿ. ಒಡೆಯ ನೀಲಗಿರಿ ಹಾಕಿದ ಮೇಲೆ ಕರೆಯಲಿಲ್ಲವಾ ಎಂದು ಕೇಳಿದೆ. "ಮರಕ್ಕೆ ಯಾವ ಕಳೆ ಮಗಾ? ಯಾರಿಗೆ ಬೇಕಿತ್ತು ನಮ್ ಕೈ?" ಅಂದಳು. ರಾಗಿ ಹೋಯಿತು, ಹುಲ್ಲು ಹೋಯಿತು, ಹುಲ್ಲಿಲ್ಲದೆ ಹಸುವೂ ಹೋಯಿತು. ಮರ ಎಷ್ಟು ನೀರು ಕುಡಿಯಿತೆಂದು ಪಂಡಿತರು ಅಳೆದರು. ಎಷ್ಟು ಕೂಲಿ ಕುಡಿಯಿತೆಂದು ಅಳೆದವರು ಕಡಿಮೆ.

ಜನ ಸುಮ್ಮನಿರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿತೋಟಕ್ಕೆ ನುಗ್ಗಿ ನೀಲಗಿರಿ ಕಿತ್ತು, ಹುಣಸೆ, ಮಾವಿನ ಬೀಜ ಹಾಕಿದರು. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನನ್ನು ಅದಕ್ಕೆ ಕೊಡಹೊರಟಿತು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕಂಪನಿ ಮುಚ್ಚಿತು.

2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದೆಂದು ಆಜ್ಞೆ ಹೊರಡಿಸಿತು. ಅಷ್ಟರಲ್ಲಿ 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಿತ್ತು. ಹೆಬ್ಬಾಳದಿಂದ ಆ ರಸ್ತೆ ಹಿಡಿದು ಹೋಗಿ ನೋಡಿ. ಉಳುವವನಿಲ್ಲದ ನೆಲ ಬಡಾವಣೆಯಾಗಲು ತಕರಾರೇನು?

ಮರ ಕಡಿದರೆ ಮಾತ್ರ ಸಾಲದು ಗೆಳೆಯರೇ. ಕಡಿದ ಮೇಲೆ ನೆಲ ಯಾರಿಗೆ ಎಂದು ಕೇಳಬೇಕು. ಮೇಷ್ಟ್ರುಗಳು ಮಕ್ಕಳಿಗೆ ಒಂದು ಕೆಲಸ ಕೊಡಲಿ: ಊರಿನ ಗೋಮಾಳ ಎಷ್ಟಿತ್ತು, ಈಗೆಷ್ಟಿದೆ, ಪಹಣಿ ನೋಡಿ ಬರೆಯಿರಿ. ಕೇರಿಯ ಅಜ್ಜಿಯರನ್ನೂ ಕೇಳಿ ಬರೆಯಿರಿ. ಪಹಣಿಯಲ್ಲಿ ಕೂಲಿಯ ಕಾಲಂ ಇಲ್ಲ.