ಬಣ್ಣ ಕೊಟ್ಟೂ ಬದುಕುವ ಬಸವನಹುಳು

ರೋಮ್ ಚಕ್ರವರ್ತಿಗಳು ಉಡುತ್ತಿದ್ದ ನೇರಳೆ ಬಟ್ಟೆಯ ಬಗ್ಗೆ ನೀವು ಕೇಳಿರ್ತೀರಿ. ಆ ಬಣ್ಣ ಬರ್ತಿದ್ದದ್ದು ಮೆಡಿಟರೇನಿಯನ್ ಕಡಲಿನ ಬಸವನಹುಳುಗಳಿಂದ. ಟೈರ್ ಪಟ್ಟಣದಲ್ಲಿ ಅವುಗಳನ್ನು ರಾಶಿಗಟ್ಟಲೆ ಒಡೆದು, ಒಳಗಿನ ಗ್ರಂಥಿಯಿಂದ ಬಣ್ಣ ತೆಗೀತಿದ್ರು. 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಪೌಲ್ ಫ್ರೀಡ್‌ಲ್ಯಾಂಡರ್ 12,000 ಹುಳುಗಳಿಂದ ತೆಗೆದ ಬಣ್ಣ ಎಷ್ಟು ಗೊತ್ತಾ? ಬರೀ 1.4 ಗ್ರಾಂ!

ಕೊಲ್ಲದೇ ಬಣ್ಣ ಪಡೆಯೋಕೆ ಆಗಲ್ವಾ? ಆಗುತ್ತೆ. ಅದಕ್ಕೆ ನಾನು ನಿಮ್ಮನ್ನು ಮೆಕ್ಸಿಕೋಗೆ ಕರ್ಕೊಂಡು ಹೋಗ್ಬೇಕು. ಅಲ್ಲಿನ ವಹಾಕಾ ರಾಜ್ಯದ ಪೆಸಿಫಿಕ್ ಕರಾವಳಿಯ ಬಂಡೆಗಳಲ್ಲಿ ಇದೇ ಬಳಗದ ಇನ್ನೊಂದು ಹುಳು ಇದೆ. ಪಿನೊಟೆಪಾ ದೆ ಡಾನ್ ಲೂಯಿಸ್ ಊರಿನ ಮಿಕ್ಸ್‌ಟೆಕ್ ಜನ ನೀರು ಇಳಿದಾಗ ಅದನ್ನು ಬಂಡೆಯಿಂದ ಬಿಡಿಸಿ, ಹಾಲಿನಂಥ ರಸವನ್ನು ಹತ್ತಿ ನೂಲಿನ ಮೇಲೆ ಬೀಳಿಸಿ, ಹುಳುವನ್ನು ವಾಪಸ್ ಬಂಡೆಗೇ ಬಿಡ್ತಾರೆ. ಸ್ಪ್ಯಾನಿಷ್‌ನಲ್ಲಿ ಈ ಕೆಲಸಕ್ಕೆ ಹಾಲು ಕರೆಯೋದು ಅಂತಲೇ ಹೆಸರು. ಗಾಳಿ ಬಿಸಿಲಿಗೆ ನೂಲು ಮೊದಲು ಹಳದಿ, ಆಮೇಲೆ ಹಸಿರು, ಕೊನೆಗೆ ನೇರಳೆ. ಅದೇ ಹುಳುವನ್ನು ಮತ್ತೆ ಮುಟ್ಟೋದಕ್ಕೆ ಸುಮಾರು ಒಂದು ತಿಂಗಳು ಬಿಡಬೇಕು.

1980ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಬಂತು. ಬಿಡುವೇ ಕೊಡದೆ ಹಿಂಡಿಸಿದ್ದರಿಂದ ಹುಳುಗಳು ಸಾಯತೊಡಗಿದವು. ಮಿಕ್ಸ್‌ಟೆಕ್ ಜನ ದನಿ ಎತ್ತಿದರು. 1988ರಲ್ಲಿ ಸರ್ಕಾರ ಹುಳುವಿಗೆ ರಕ್ಷಣೆ ಕೊಟ್ಟು, ಸಾಂಪ್ರದಾಯಿಕವಾಗಿ ಬಣ್ಣ ಹಾಕುವವರಿಗೆ ಮಾತ್ರ ಅನುಮತಿ ಉಳಿಸಿತು.

ಈಗಿನ ಕಾಟ ಬೇರೆ. ತಿನ್ನೋದಕ್ಕೆ ಅಂತ ಕದ್ದು ಕೀಳುವವರಿದ್ದಾರೆ. ಕಾನೂನಿದೆ, ಕಸುಬು ಬಲ್ಲ ಕೆಲವರೂ ಉಳಿದಿದ್ದಾರೆ. ಆದರೆ ಬಂಡೆಯ ಮೇಲೆ ಹುಳುವೇ ಇಲ್ಲದಿದ್ದರೆ ಅವರು ನೂಲು ಹಿಡಿದು ಯಾರ ಹತ್ತಿರ ಹೋಗ್ಬೇಕು, ಹೇಳಿ?