ಅಕ್ಕಿ, ನೋಟು, ಧಕ್ಕೆಯ ಕೂಲಿ: 1945ರ ಸಿಂಗಪುರದಲ್ಲಿ ಸುವ್ಯವಸ್ಥೆಯ ಪ್ರಶ್ನೆ

1945ರ ಆಗಸ್ಟ್ 15ರಂದು ಜಪಾನ್ ಸೋಲೊಪ್ಪಿತು. ಭಾರತೀಯ ಸೇನೆಯ 5ನೇ ಡಿವಿಷನ್ ಸಿಂಗಪುರದಲ್ಲಿ ಇಳಿದದ್ದು ಸೆಪ್ಟೆಂಬರ್ 5ರಂದು. ಟೋಕಿಯೊ ಕೊಲ್ಲಿಯಲ್ಲಿ ಶರಣಾಗತಿಗೆ ಸಹಿ ಬೀಳುವ ಮೊದಲು ಎಲ್ಲಿಯೂ ಪಡೆ ಇಳಿಸಕೂಡದೆಂದು ಮಿತ್ರಪಡೆಗಳ ಮಹಾದಂಡನಾಯಕ ಮೆಕಾರ್ಥರ್ ಅಪ್ಪಣೆ ಮಾಡಿದ್ದರಿಂದ, ಆ ಮೂರು ವಾರ ಸೋತ ಸೇನೆಯೇ ಊರಿನ ಕಾವಲಿಗೆ ನಿಂತಿತ್ತು. 1942ರಲ್ಲಿ ಜಪಾನಿಯರು ನಡೆಸಿದ ‘ಸೂಕ್ ಚಿಂಗ್’ ಹತ್ಯಾಕಾಂಡದಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡ ಚೀನೀ ಮನೆಗಳು ಸೇಡಿಗೆ ಕಾದಿದ್ದವು. ಜಪಾನಿಯರಿಗೆ ಸುದ್ದಿ ಮುಟ್ಟಿಸುತ್ತಿದ್ದವರನ್ನೂ ಅವರ ಕೈಕೆಳಗೆ ದುಡಿದ ಪೊಲೀಸರನ್ನೂ ಜನ ಹುಡುಕಿ ಹೊಡೆದರು, ಕೆಲವರನ್ನು ಕೊಂದರು.

ಆ ಹೊತ್ತಿನ ಚರಿತ್ರೆಯನ್ನು ಶರಣಾಗತಿಯ ಸಮಾರಂಭದಿಂದ ಆರಂಭಿಸುವುದು ರೂಢಿ: ಸೆಪ್ಟೆಂಬರ್ 12, ಮುನಿಸಿಪಲ್ ಕಟ್ಟಡ, ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕ ಮೌಂಟ್‌ಬ್ಯಾಟನ್, ಎದುರಿಗೆ ಜಪಾನಿನ ಜನರಲ್ ಇಟಗಾಕಿ. ನನ್ನ ನೋಟ ಬೇರೆ ಕಡೆಗಿದೆ. ಬಂದರು ಊರಿನಲ್ಲಿ ಶಾಂತಿ ನಿಲ್ಲುವುದು ಬಂದೂಕಿಗಿಂತ ಮೊದಲು ಅಕ್ಕಿಯ ಮೇಲೆ, ಅಕ್ಕಿ ಕೊಳ್ಳುವ ನೋಟಿನ ಮೇಲೆ, ಆ ನೋಟು ದುಡಿಯುವ ಕೂಲಿಯ ಮೇಲೆ. ಬ್ರಿಟಿಷ್ ಮಿಲಿಟರಿ ಆಡಳಿತ (ಬಿ.ಎಂ.ಎ.) ಮುಗ್ಗರಿಸಿದ್ದು ಈ ಮೂರರಲ್ಲೇ.

ನೋಟಿನಿಂದಲೇ ಹೊರಡೋಣ. ಜಪಾನಿಯರು ಅಚ್ಚು ಹಾಕಿದ ಹತ್ತು ಡಾಲರ್ ನೋಟಿನ ಮೇಲೆ ಬಾಳೆಗಿಡದ ಚಿತ್ರವಿತ್ತು. ಜನ ಅದನ್ನು ‘ಬಾಳೆಹಣ’ ಎಂದೇ ಕರೆದರು. ಕೊನೆಕೊನೆಗೆ ಕ್ರಮಸಂಖ್ಯೆಯೂ ಇಲ್ಲದೆ ಲೆಕ್ಕ ತಪ್ಪಿ ಅಚ್ಚಾದ ಹಣ ಅದು. ಮರಳಿ ಬಂದ ಆಡಳಿತ ಅದಕ್ಕೆ ಬೆಲೆಯೇ ಇಲ್ಲವೆಂದು ಸಾರಿ, ತಾನು ತಂದ ಮಲಯಾ ಡಾಲರನ್ನು ಚಲಾವಣೆಗೆ ಬಿಟ್ಟಿತು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೇ. ಆ ಕಂತೆಗಳನ್ನು ಮಾನ್ಯ ಮಾಡಿದ್ದರೆ ಯುದ್ಧಕಾಲದ ಲಾಭಕೋರರೇ ಹೊಸ ಧಣಿಗಳಾಗುತ್ತಿದ್ದರು. ಆದರೆ ಮೂರೂವರೆ ವರ್ಷ ಆ ಹಣದಲ್ಲೇ ಕೂಲಿ ಪಡೆದವನ ಮನೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕಾಸಿಲ್ಲದಂತಾಯಿತು. ಮೊದಲ ದಿನಗಳಲ್ಲಿ ಪುಕ್ಕಟೆ ಅಕ್ಕಿ ಹಂಚಿದ್ದುಂಟು. ಅದು ಬಹುಕಾಲ ನಡೆಯುವಂತಿರಲಿಲ್ಲ. ಬರ್ಮಾ, ಸಯಾಮ್, ಇಂಡೋಚೀನಾಗಳಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿಯನ್ನು ನಂಬಿ ಬೆಳೆದ ಊರದು. ಆ ಮೂರೂ ನಾಡುಗಳು ಯುದ್ಧದಲ್ಲಿ ನಲುಗಿದ್ದವು.

ಪಡಿತರದ ಅಕ್ಕಿ ಸಾಲದೆ ಹೋದಾಗ ಕಾಳಸಂತೆ ಬೆಳೆಯಿತು. ಸೇನೆಯ ಗೋದಾಮುಗಳ ಸಾಮಾನು, ಸಿಗರೇಟು, ಔಷಧಿ ಹಿಂಬಾಗಿಲಿನಿಂದ ಹೊರಬಿದ್ದವು. ‘ಬಿ.ಎಂ.ಎ.’ ಎಂದರೆ ‘ಬ್ಲ್ಯಾಕ್ ಮಾರ್ಕೆಟ್ ಅಡ್ಮಿನಿಸ್ಟ್ರೇಷನ್’ ಎಂದು ಜನ ಬಿಡಿಸಿ ಹೇಳತೊಡಗಿದರು. ಬೆಲೆಗಳು ಯುದ್ಧಪೂರ್ವದ ಹಲವು ಪಟ್ಟು ಏರಿದ್ದವು. ಕೂಲಿಯನ್ನು ಮಾತ್ರ ಆಡಳಿತ ಯುದ್ಧಪೂರ್ವದ ದರದಲ್ಲೇ ಹಿಡಿದಿಡಲು ನೋಡಿತು. ನನ್ನ ತಿಳಿವಳಿಕೆಯಲ್ಲಿ ಇಡೀ ಅವಧಿಯ ಅತಿ ದೊಡ್ಡ ತಪ್ಪು ಇದು.

ಅಕ್ಟೋಬರ್ 21ರಂದು ತಂಜೊಂಗ್ ಪಾಗರ್ ಧಕ್ಕೆಯ ಸುಮಾರು 7,000 ಹಮಾಲರು ಕೆಲಸ ನಿಲ್ಲಿಸಿದರು. ಅವರ ಬೇಡಿಕೆ ಕೂಲಿಯದಷ್ಟೇ ಆಗಿರಲಿಲ್ಲ. ಜಾವಾದಲ್ಲಿ ಮತ್ತೆ ಆಳಲು ಹೊರಟ ಡಚ್ಚರಿಗೆ ಮದ್ದುಗುಂಡು ಒಯ್ಯುವ ಹಡಗಿಗೆ ಸರಕು ಏರಿಸುವುದಿಲ್ಲ ಎಂದೂ ಅವರು ಪಟ್ಟು ಹಿಡಿದರು. ಹಸಿವನ್ನೂ ನೆರೆನಾಡಿನ ಸ್ವಾತಂತ್ರ್ಯವನ್ನೂ ಒಂದೇ ಉಸಿರಿನಲ್ಲಿ ನುಡಿದ ಈ ಜನರನ್ನು ಬರಿಯ ‘ಭದ್ರತೆಯ ತೊಡಕು’ ಎಂದು ಬರೆದಿಡುವುದು ಅನ್ಯಾಯ. ಅವರ ಜಾಗದಲ್ಲಿ ಆಡಳಿತ ದುಡಿಸಿದ್ದು ಸೈನಿಕರನ್ನು, ಜತೆಗೆ ಶರಣಾದ ಜಪಾನಿಯರನ್ನು. ಎರಡು ತಿಂಗಳ ಹಿಂದೆ ಇದೇ ಊರನ್ನು ಆಳಿದವರು ಈಗ ಮುಷ್ಕರ ಮುರಿಯುವ ಕೈಗಳಾದರು.

ಭಾರತದ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಿಂಗಪುರದ ಎಸ್‌ಪ್ಲನೇಡ್‌ನಲ್ಲಿ ಸುಭಾಷಚಂದ್ರ ಬೋಸರು ಅದೇ ವರ್ಷದ ಜುಲೈ 8ರಂದು ಅಡಿಗಲ್ಲು ಹಾಕಿದ್ದ ಆಜಾದ್ ಹಿಂದ್ ಫೌಜಿನ ಸ್ಮಾರಕವನ್ನು ಬ್ರಿಟಿಷರು ಬಂದ ಕೆಲವೇ ದಿನಗಳಲ್ಲಿ ಸಿಡಿಮದ್ದಿಟ್ಟು ಉರುಳಿಸಲಾಯಿತು. ಆ ಮದ್ದು ಇಟ್ಟ ಕೈಗಳೂ ಭಾರತೀಯ ಸೈನಿಕರವೇ. ನವೆಂಬರಿನ ಹೊತ್ತಿಗೆ ಅದೇ 5ನೇ ಡಿವಿಷನ್ ಜಾವಾದ ಸುರಬಾಯದಲ್ಲಿ ಕಾದಾಡುತ್ತಿತ್ತು.

ಮಿಲಿಟರಿ ಆಡಳಿತದ ಪರವಾಗಿ ಹೇಳಬೇಕಾದ ಮಾತೂ ಇದೆ. ಮೊದಲ ತಿಂಗಳುಗಳಲ್ಲಿ ಅದು ಪತ್ರಿಕೆಗಳ ಬಾಯಿ ಕಟ್ಟಲಿಲ್ಲ, ಕಮ್ಯುನಿಸ್ಟ್ ಪಕ್ಷ ಬಹಿರಂಗವಾಗಿ ಕೆಲಸ ಮಾಡಲು ಬಿಟ್ಟಿತು. ಜಪಾನಿಯರ ವಿರುದ್ಧ ಕಾಡಿನಲ್ಲಿ ಹೋರಾಡಿದ ಮಲಯಾದ ಜನಸೇನೆಯ ಯೋಧರನ್ನು ಡಿಸೆಂಬರಿನಲ್ಲಿ ತಲಾ 350 ಡಾಲರ್ ಕೊಟ್ಟು ಬಂದೂಕು ಕೆಳಗಿಡಿಸಿತು. 1946ರ ಜನವರಿ 29ರ ಸಾರ್ವತ್ರಿಕ ಮುಷ್ಕರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟಾಗ ಈ ಸೈರಣೆ ಕರಗಿತು. ಫೆಬ್ರವರಿ 15, 1942ರಲ್ಲಿ ಸಿಂಗಪುರ ಜಪಾನಿಯರ ವಶವಾದ ದಿನ. ಅಂದಿನ ಮೆರವಣಿಗೆಗೆ ನಿಷೇಧ ಬಿತ್ತು, ಪೊಲೀಸರು ಗುಂಡು ಹಾರಿಸಿದರು, ಮುಂದಾಳುಗಳ ಗಡೀಪಾರಿನ ಆಜ್ಞೆ ಹೊರಟಿತು.

ಏಪ್ರಿಲ್ 1ರಂದು ನಾಗರಿಕ ಆಡಳಿತ ಮರಳಿತು. ಗವರ್ನರಾಗಿ ಬಂದವರು ಫ್ರಾಂಕ್ಲಿನ್ ಗಿಮ್ಸನ್. ಹಿಂದಿನ ಆಗಸ್ಟಿನಲ್ಲಿ ಹಾಂಗ್‌ಕಾಂಗಿನ ಸ್ಟ್ಯಾನ್ಲಿ ಸೆರೆಶಿಬಿರದಿಂದ ಹೊರಬಂದು, ಲಂಡನ್ನಿನ ಅಪ್ಪಣೆಗೂ ಕಾಯದೆ ಅಲ್ಲಿ ಆಡಳಿತ ಕಟ್ಟಲು ನಿಂತಿದ್ದವರು. ಸಿಂಗಪುರದಲ್ಲಿ ಅವರ ಕೈಗೆ ಬಂದದ್ದು ಪಡಿತರದ ಸಾಲು ಮತ್ತು ಕೂಲಿಯ ತಕರಾರು.